ಆ ಚೀಟಿ ಬರೆದ ಡಾಕ್ಟರಿಗೆ

ಕಾಸರಗೋಡಿನ ಬದಿಯಡ್ಕ ಕಡೆಯ ಚಿಕ್ಕ ಕ್ಲಿನಿಕ್ಕಿನ ಡಾಕ್ಟ್ರೇ, ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕುವುದಿಲ್ಲ. ಥ್ಯಾಂಕ್ಸ್ ಹೇಳದೆ ಬಿಡುವುದೂ ಇಲ್ಲ.

ಅಪ್ಪನ ಶುಗರ್ ಹಳೆಯದು. ಹಿಂದೆ ತೋರಿಸುತ್ತಿದ್ದ ಕಡೆ ರಕ್ತ ಪರೀಕ್ಷೆ, ಮಾತ್ರೆ, ಅನ್ನ ಕಡಿಮೆ ಮಾಡಿ ಎಂಬ ಮಾತು, ಅಷ್ಟೇ. ಕಣ್ಣಿನ ವಿಷಯ ಯಾರೂ ಎತ್ತಿರಲಿಲ್ಲ. ನೀವು ಮೊದಲ ದಿನವೇ ಕೇಳಿದಿರಿ. “ಪೇಪರ್ ಓದ್ತೇನಲ್ಲ ಡಾಕ್ಟ್ರೇ, ಕಣ್ಣಿಗೇನಾಗಿದೆ?” ಎಂದು ಅಪ್ಪ ವಾದಕ್ಕೆ ನಿಂತರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ನೀವು ಬಿಡಿಸಿ ಹೇಳಿದಿರಿ. ಕಣ್ಣಿನ ಹಿಂಭಾಗದ ಸಣ್ಣ ರಕ್ತನಾಳಗಳು ಸೋರಲು ಶುರುವಾದರೂ ಮೊದಮೊದಲು ನೋವಿಲ್ಲ, ಮಬ್ಬಿಲ್ಲ. ಗೊತ್ತಾಗುವಾಗ ಜಾಸ್ತಿ ಹಾಳಾಗಿರಬಹುದು. ಟೈಪ್ 2 (ದೊಡ್ಡವರಲ್ಲಿ ಹೆಚ್ಚಾಗಿ ಕಾಣುವ ಶುಗರ್) ಆದರೆ ಕಾಯಿಲೆ ಗೊತ್ತಾದ ಕೂಡಲೇ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ಪರೀಕ್ಷೆ ಆಗಬೇಕು, ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕನ್ನಡಕದ ನಂಬರ್ ನೋಡಿಸಿದರೆ ಸಾಲದು.

ಸುಮ್ನೆ ಬಾಯಲ್ಲಿ ಹೇಳಿದ್ದರೆ ಅಪ್ಪ ಹೋಗುತ್ತಿರಲಿಲ್ಲ. ನೀವು ಮಂಗಳೂರಿನ ಕಣ್ಣಿನ ಡಾಕ್ಟರಿಗೆ ಚೀಟಿ ಬರೆದಿರಿ. ಶುಗರ್ ಎಷ್ಟು ವರ್ಷದ್ದು, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್) ಎಷ್ಟು, ಬಿಪಿ ಎಷ್ಟು, ಎಲ್ಲ ಅದರಲ್ಲಿತ್ತು. ಪಾಪೆ ಹಿಗ್ಗಿಸುವ ಹನಿ ಹಾಕುತ್ತಾರೆ, ಕೆಲವು ಗಂಟೆ ಮಂಜಾಗುತ್ತದೆ, ಸ್ಕೂಟರ್ ಬೇಡ, ಮಗನನ್ನು ಕರೆದುಕೊಂಡು ಹೋಗಿ ಎಂದಿರಿ. ಅದೂ ಕನ್ನಡದಲ್ಲಿ! ಮಲಯಾಳ ಅರ್ಧಂಬರ್ಧ ತಿಳಿಯುವ ಅಪ್ಪನಂಥವರಿಗೆ ಕಾಸರಗೋಡಿನಲ್ಲಿ ಅದೇನು ಸಣ್ಣ ವಿಷಯ ಅಲ್ಲ.

ಬಲಗಣ್ಣಿನಲ್ಲಿ ಸೋರಿಕೆ ಶುರುವಾಗಿತ್ತು. ಈಗ ಇಂಜೆಕ್ಷನ್ ನಡೆಯುತ್ತಿದೆ, ದೃಷ್ಟಿ ಉಳಿದಿದೆ.

ಬೇರೆ ಡಾಕ್ಟರುಗಳು ಇದನ್ನು ಓದಿದರೆ ಒಂದು ಕೋರಿಕೆ. ಶುಗರ್ ಇರುವವರು ಬಂದಾಗ ಕಣ್ಣು ಯಾವಾಗ ತೋರಿಸಿದ್ದು ಎಂದು ಕೇಳಿ. ಕೇಳಿ ಬಿಡಬೇಡಿ, ಚೀಟಿಯನ್ನೂ ಕೊಡಿ.