ಪರ್ಮಿಟ್ಟು ಗಡಿ ದಾಟಲ್ಲ

ಮಾಲೂರು

ಚಿರಂಜೀವಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ತಮಿಳುನಾಡಿನ ಹೊಸೂರಿನಲ್ಲಿ ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಕಡೆ ಕೆಲಸ ಗೊತ್ತುಮಾಡಿಕೊಂಡಿದ್ದೀಯಂತೆ, ನಿಮ್ಮಪ್ಪ ಹೇಳಿದ. ಸಂತೋಷ. ಆದರೆ ಕರ್ನಾಟಕದ ವೈರ್‌ಮನ್ ಪರ್ಮಿಟ್ ಜೇಬಲ್ಲಿದೆ, ಅಲ್ಲೂ ನಡೆಯುತ್ತೆ ಅಂತ ನೀನು ಅಂದುಕೊಂಡಿದ್ದರೆ ತಪ್ಪು.

ನಿನ್ನ ಹತ್ತಿರ ಎರಡು ಬೇರೆ ಬೇರೆ ಕಾಗದ ಇವೆ. ಎರಡು ವರ್ಷದ ಎಲೆಕ್ಟ್ರೀಷಿಯನ್ ಟ್ರೇಡಿನ ಎನ್‌ಟಿಸಿ, ಅಂದರೆ ಐಟಿಐ ಮುಗಿಸಿದ್ದಕ್ಕೆ ಕೊಡುವ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟು, ಕೇಂದ್ರದ್ದು, ಅದಕ್ಕೆ ದೇಶದಲ್ಲೆಲ್ಲ ಒಂದೇ ಬೆಲೆ. ಪರ್ಮಿಟ್ಟು ರಾಜ್ಯದ್ದು. 1956ರ ಭಾರತೀಯ ವಿದ್ಯುತ್ ನಿಯಮಾವಳಿಯ 45ನೇ ನಿಯಮ, ಅದರ ಜಾಗಕ್ಕೆ ಬಂದ ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು, ಈಗಿನ 2023ರವು, ಎಲ್ಲದರಲ್ಲೂ ತಿರುಳು ಒಂದೇ: ವೈರಿಂಗ್ ಕೆಲಸವನ್ನು ಲೈಸೆನ್ಸ್ ಇರುವ ಕಂಟ್ರಾಕ್ಟರ್ ಹಿಡಿಯಬೇಕು, ಅರ್ಹತಾ ಪತ್ರ ಇರುವ ಸೂಪರ್‌ವೈಸರ್ ನಿಂತು ನೋಡಬೇಕು, ಪರ್ಮಿಟ್ ಇರುವವನು ಕೈಹಾಕಬೇಕು. ಆ ಪರ್ಮಿಟ್ಟು ರಾಜ್ಯ ಸರ್ಕಾರ ಕೊಟ್ಟದ್ದು ‘ಅಥವಾ ಮಾನ್ಯ ಮಾಡಿದ್ದು’ ಆಗಿರಬೇಕು. ಆ ‘ಅಥವಾ’ ನೋಡಿ ಖುಷಿಪಡಬೇಡ. ಮಾನ್ಯತೆ ತಾನಾಗಿ ಬರಲ್ಲ. ಅರ್ಜಿ ಹಾಕಿ ಬರಹದಲ್ಲಿ ಪಡೆಯಬೇಕು. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದಂತೆಯೇ ಬದಲಾಯಿಸುವುದಕ್ಕೆ ಮಾತ್ರ ಈ ಕಟ್ಟು ಇಲ್ಲ.

ತಮಿಳುನಾಡಿನಲ್ಲಿ ಇದನ್ನು ನೋಡಿಕೊಳ್ಳುವುದು ಚೆನ್ನೈನ ಗಿಂಡಿಯಲ್ಲಿರುವ ಎಲೆಕ್ಟ್ರಿಕಲ್ ಲೈಸೆನ್ಸಿಂಗ್ ಬೋರ್ಡ್. ಅಲ್ಲಿನ ತಮಿಳು ಅರ್ಜಿಯಲ್ಲಿ ‘ಮಿನ್‌ಕಂಬಿಯಾಳರ್’ ಅಂದರೆ ವೈರ್‌ಮನ್, ‘ಮಿನ್‌ಕಂಬಿಯಾಳರ್ ಉದವಿಯಾಳರ್’ ಅಂದರೆ ಹೆಲ್ಪರ್. ಎರಡೂ ಬೇರೆ ಸರ್ಟಿಫಿಕೇಟು. ನಿನಗೆ ಬೇಕಾದ್ದು ಮೊದಲನೆಯದು. ಇಎ, ಇಬಿ ಅಂತ ಕೇಳಿಬರುವುದೆಲ್ಲ ಕಂಟ್ರಾಕ್ಟರ್ ಲೈಸೆನ್ಸಿನ ದರ್ಜೆ, ಈಗಲೇ ಅದರ ಗೊಡವೆ ಬೇಡ.

ಅರ್ಜಿ ಕೆಡುವುದು ಹೆಚ್ಚಾಗಿ ಅನುಭವ ಪತ್ರದಲ್ಲಿ. ‘ನಮ್ಮಲ್ಲಿ ಮೂರು ವರ್ಷ ಚೆನ್ನಾಗಿ ಕೆಲಸ ಮಾಡಿದ್ದಾನೆ’ ಅಂತ ಬರೆಸಿಕೊಂಡರೆ ಅದು ಮದುವೆ ಮಾತುಕತೆಗೆ ಸಾಕು, ಬೋರ್ಡಿಗೆ ಸಾಲದು. ಕಂಟ್ರಾಕ್ಟರಿನ ಲೈಸೆನ್ಸ್ ನಂಬರು, ನೀನು ಸೇರಿದ ಮತ್ತು ಬಿಟ್ಟ ತಾರೀಖು, ಮನೆ ವೈರಿಂಗೋ ತ್ರೀ ಫೇಸ್ ಮೋಟರ್ ಪ್ಯಾನೆಲ್ಲೋ ಯಾವ ಕೆಲಸ ಅನ್ನುವುದು, ಸಹಿ, ಸೀಲು, ಇಷ್ಟೂ ಇರಲಿ. ನೀನು ಕೆಲಸ ಮಾಡಿದ ಅಷ್ಟೂ ಕಾಲ ಅವರ ಲೈಸೆನ್ಸ್ ಚಾಲ್ತಿಯಲ್ಲಿತ್ತಾ ಅಂತ ನವೀಕರಣದ ಪುಟವನ್ನೇ ಕೇಳಿ ನೋಡು. ನಡುವೆ ಆರು ತಿಂಗಳು ತಪ್ಪಿದ್ದರೆ ಆ ಆರು ತಿಂಗಳು ನಿನ್ನ ಲೆಕ್ಕದಿಂದಲೂ ಹಾರಿಹೋಗಬಹುದು. ಇನ್ನೊಂದು ಕಾಟ ಇನಿಷಿಯಲ್ಲು. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ, ಆಧಾರಿನಲ್ಲಿ ಮುಂದೆ, ಎನ್‌ಟಿಸಿಯಲ್ಲಿ ಇಲ್ಲವೇ ಇಲ್ಲ. ಗಡಿ ದಾಟುವ ಮೊದಲು ಇಲ್ಲೇ ಸರಿಮಾಡಿಸು.

ಸಂದರ್ಶನವೋ ಪ್ರಾಯೋಗಿಕ ಪರೀಕ್ಷೆಯೋ ಎದುರಾದರೆ ಮೆಗ್ಗರ್, ಅಂದರೆ ವೈರಿನ ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆಯುವ ಮೀಟರು, ಕೈಗೆ ಕೊಟ್ಟಾಗ ತಡವರಿಸಬೇಡ. 500 ವೋಲ್ಟಿನದು. ಮೊದಲು ಮೇನ್ ಆಫ್. ವೈರಿಗೂ ಅರ್ತಿಗೂ (ನೆಲದ ಸಂಪರ್ಕಕ್ಕೂ) ನಡುವೆ ಅಳೆಯುವಾಗ ಫೇಸು, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಸೇರಿಸು. ಸ್ವಿಚ್ಚೆಲ್ಲ ಆನ್, ಫ್ಯೂಸು ಜಾಗದಲ್ಲೇ, ನ್ಯೂಟ್ರಲ್ ಲಿಂಕ್ ಮಾತ್ರ ಮೇನಿನಿಂದ ಬಿಡಿಸಿರಬೇಕು. ಫೇಸಿಗೂ ನ್ಯೂಟ್ರಲ್‌ಗೂ ನಡುವೆ ಅಳೆಯುವಾಗಲೂ ಸ್ವಿಚ್ ಆನ್, ಆದರೆ ಬಲ್ಬು ಕಳಚಿ ಫ್ಯಾನು ಬಿಡಿಸಿರಬೇಕು. ಒಂದು ಫ್ಯಾನು ಮರೆತರೂ ಮುಳ್ಳು ಸೊನ್ನೆಗೆ ಬೀಳುತ್ತೆ. ವೈರು ಕೆಟ್ಟಿದೆ ಅಂತ ಹುಡುಗರು ಗೋಡೆ ಒಡೆಯಲು ಹೊರಡುತ್ತಾರೆ. ಅಸಲಿಗೆ ಕರೆಂಟು ಫ್ಯಾನಿನ ವೈಂಡಿಂಗ್ ಸುತ್ತಿ ಬಂದಿರುತ್ತೆ. ಎಲ್‌ಇಡಿ ಡ್ರೈವರ್, ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಮುಂಚೆಯೇ ಬಿಚ್ಚಿಡು, 500 ವೋಲ್ಟ್ ಡಿಸಿಗೆ ಸುಡಬಹುದು. ಎಷ್ಟು ಬರಬೇಕು ಅಂದರೆ, ಹಳೇ ಲೆಕ್ಕ 50ನ್ನು ಬಲ್ಬು, ಫ್ಯಾನು, ಪ್ಲಗ್ ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸುವುದು: 100 ಪಾಯಿಂಟಿಗೆ ಅರ್ಧ ಮೆಗಾ ಓಮ್. 1 ಮೆಗಾ ಓಮ್ ಮೇಲಿದ್ದರೆ ಯಾರೂ ಬೆರಳು ತೋರಿಸಲ್ಲ.

ಅರ್ತಿಂಗ್ ಕೇಳಿಯೇ ಕೇಳುತ್ತಾರೆ. ಪೈಪಾದರೆ 40 ಮಿ.ಮೀ. ಜಿಐ (ಸತು ಲೇಪಿಸಿದ ಕಬ್ಬಿಣ), ಉದ್ದ ಎರಡೂವರೆ ಮೀಟರ್. ತಾಮ್ರದ ಪ್ಲೇಟಾದರೆ 60 ಸೆಂ.ಮೀ. ಚೌಕ, 3.15 ಮಿ.ಮೀ. ದಪ್ಪ. ಗುಂಡಿ ಗೋಡೆಯಿಂದ ಒಂದೂವರೆ ಮೀಟರ್ ದೂರ. ನಮ್ಮ ಕಡೆಯ ಒಣ ಕೆಂಪುಮಣ್ಣಿನಲ್ಲಿ ಬೇಸಿಗೆ ಬಂತೆಂದರೆ ರೆಸಿಸ್ಟೆನ್ಸ್ ಏರುತ್ತೆ, ಉಪ್ಪು ಇದ್ದಿಲು ಎಷ್ಟು ಸುರಿದರೂ ನೀರಿಲ್ಲದೆ ಪ್ರಯೋಜನವಿಲ್ಲ. ಎರಡನೇ ಗುಂಡಿ ತೆಗೆದರೆ ಪೈಪಿನ ಉದ್ದದ ಎರಡರಷ್ಟು, ಅಂದರೆ 5 ಮೀಟರ್ ಆಚೆ ತೆಗೆ. ಪಕ್ಕದಲ್ಲೇ ತೆಗೆದರೆ ಎರಡೂ ಸೇರಿ ಒಂದೂಕಾಲು ಗುಂಡಿಯ ಕೆಲಸ ಮಾಡುತ್ತವೆ ಅಷ್ಟೆ.

ಅಲ್ಲಿ ಯಾರಾದರೂ ‘ಪರ್ಮಿಟ್ ಕೊಟ್ಟಿಡು, ತಿಂಗಳಿಗೆ ಇಷ್ಟು ಕೊಡ್ತೀವಿ, ಕೆಲಸಕ್ಕೆ ಬರೋದೂ ಬೇಡ’ ಅಂದರೆ ಒಪ್ಪಬೇಡ. ನೀನು ನೋಡದ ಲೈನಿನಲ್ಲಿ ಯಾರಿಗೋ ಶಾಕ್ ಹೊಡೆದರೆ 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ಪ್ರಕಾರ ಎಲೆಕ್ಟ್ರಿಕಲ್ ಇನ್‌ಸ್ಪೆಕ್ಟರ್ ವಿಚಾರಣೆ ಬರುತ್ತೆ. ಅಲ್ಲಿ ಮೊದಲು ತೆಗೆಯುವುದು ಟೆಸ್ಟ್ ರಿಪೋರ್ಟು, ಅದರಲ್ಲಿರುವುದು ನಿನ್ನ ಸಹಿ.

ಸರ್ಟಿಫಿಕೇಟ್ ಕೈಗೆ ಬರುವವರೆಗೆ ಅಲ್ಲಿನ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಹತ್ತಿರ ವೈರಿಂಗಿಗೆ ಕೈಹಾಕದೆ ಬರೀ ಕೈಯಾಳಾಗಿಯೇ ಇರು, ಸಂಬಳ ಕಮ್ಮಿಯಾದರೂ ಸರಿ. ಎನ್‌ಟಿಸಿ ಮೂಲಪ್ರತಿಗೆ ಲ್ಯಾಮಿನೇಷನ್ ಮಾಡಿಸಬೇಡ. ಇಲ್ಲಿನ ಪರ್ಮಿಟ್ಟಿನ ನವೀಕರಣವನ್ನೂ ತಪ್ಪಿಸಬೇಡ. ಬರುವ ಭಾನುವಾರ ಬಂದಾಗ ಅದನ್ನು ತಗೊಂಡು ಬಾ, ತಾರೀಖು ನೋಡೋಣ.

ಇತಿ,
ನಿನ್ನ ದೊಡ್ಡಪ್ಪ