ಫೀಡ್ ಮುಚ್ಚಬೇಡಿ, ಅದರ ಕೆಳಗೆ ಒಂದು ಸಾಲು ಹಾಕಿ

ಸಂಪಾದಕರಿಗೆ ನಮಸ್ಕಾರ,

ಇತ್ತೀಚೆಗೆ ನಿಮ್ಮ ಓದುಗರ ಪತ್ರಗಳಲ್ಲಿ ಹೊನ್ನಾವರ ಕಡೆಯವರೊಬ್ಬರು ತಮ್ಮ ಬ್ಲಾಗಿನ ಕಥೆ ಬರೆದಿದ್ದರು. ಕಷ್ಟಪಟ್ಟು ಬರೆದ ಲೇಖನಗಳನ್ನು ಯಾರೋ ಎತ್ತಿಕೊಂಡು ತಮ್ಮ ಜಾಲತಾಣದಲ್ಲಿ ಹಾಕಿಕೊಳ್ಳುತ್ತಾರೆ, ಹೆಸರೂ ಇಲ್ಲ, ಕೊಂಡಿಯೂ (ಲಿಂಕ್) ಇಲ್ಲ, ಅದಕ್ಕೇ ಬೇಸತ್ತು ಆರ್‌ಎಸ್‌ಎಸ್ ಫೀಡ್ ನಿಲ್ಲಿಸಿದೆ, ಎಲ್ಲರೂ ಹಾಗೇ ಮಾಡಿ ಅಂತ. ಅವರ ಸಿಟ್ಟು ಸರಿಯಾಗಿಯೇ ಇದೆ. ಆದರೆ ಹೇಳಿದ ಮದ್ದು ಸರಿಯಿಲ್ಲ. ಅದಕ್ಕೇ ಈ ಪತ್ರ. (ನಮ್ಮೂರಿನಲ್ಲಿ ಆರ್‌ಎಸ್‌ಎಸ್ ಅಂದರೆ ಜನ ಶಾಖೆಯ ಸುದ್ದಿ ಅಂದುಕೊಳ್ಳುತ್ತಾರೆ. ಹಾಗಾಗಿ ಮುಂದೆ ಸುಮ್ನೆ ಫೀಡ್ ಅನ್ನುತ್ತೇನೆ.)

ಗೊತ್ತಿಲ್ಲದವರಿಗೆ ಎರಡು ಮಾತು. ತಾಣದಲ್ಲಿ ಹೊಸದಾಗಿ ಬಂದ ಲೇಖನಗಳನ್ನೆಲ್ಲ ಬಣ್ಣ, ಮೆನು, ಜಾಹೀರಾತು ಏನೂ ಇಲ್ಲದೆ ಒಂದು ಕಡತದಲ್ಲಿ ಜೋಡಿಸಿ ಇಡುವುದೇ ಫೀಡ್. ಓದುವ ಆ್ಯಪ್ ಆಗಾಗ ಬಂದು ಆ ಕಡತ ನೋಡುತ್ತದೆ, ಹೊಸದಿದ್ದರೆ ತೆಗೆದುಕೊಂಡು ಹೋಗುತ್ತದೆ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಶುರು ಮಾಡಿದ್ದು, ಈಗ ಹೆಚ್ಚಿನವರು ಬಳಸುವ 2.0 ರೂಪ ಬಂದದ್ದು 2002ರಲ್ಲಿ. 2013ರ ಜುಲೈನಲ್ಲಿ ಫೀಡ್ ಓದಲು ಇದ್ದ ಗೂಗಲ್ ರೀಡರ್ ಮುಚ್ಚಿದಾಗ ಫೀಡ್ ಕಥೆ ಮುಗಿಯಿತು ಅಂದವರು ಬಹಳ ಜನ. ಮುಗಿಯಲಿಲ್ಲ. ಈಗ ಎಲ್ಲರೂ ಕೇಳುವ ಪಾಡ್‌ಕಾಸ್ಟ್‌ಗಳಲ್ಲಿ ಹೆಚ್ಚಿನವು ಇದೇ ಫೀಡಿನ ಮೇಲೆ ನಡೆಯುತ್ತವೆ. ಫೀಡ್ ಓದಲು ಫೀಡ್ಲಿ, ಇನೋರೀಡರ್, ಥಂಡರ್‌ಬರ್ಡ್ ಎಲ್ಲವೂ ಈಗಲೂ ಇವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದರ ಬೆಲೆ ಪೇಟೆಯಲ್ಲಿ ಕೂತವರಿಗೆ ತಿಳಿಯುವುದಿಲ್ಲ. ಜೋಯಿಡಾ, ಸಿದ್ದಾಪುರ, ಯಲ್ಲಾಪುರದ ಒಳಗಿನ ಹಳ್ಳಿಗಳಲ್ಲಿ ಮಳೆಗಾಲ ಬಂತೆಂದರೆ ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ಟವರ್ ಕೂಡ ಹೋಗುತ್ತದೆ. ಮನೆಯಲ್ಲಿ ಸಿಗ್ನಲ್ ಇಲ್ಲ, ತೋಟದ ದಾರಿಯಲ್ಲಿ ಎಲ್ಲೋ ಒಂದು ಕಡೆ ಒಂದು ಕಡ್ಡಿ ಬರುತ್ತದೆ. ಅಷ್ಟು ಹೊತ್ತಿನಲ್ಲಿ ಫೀಡ್ ಓದುವ ಆ್ಯಪ್ ಎಲ್ಲ ಲೇಖನಗಳ ಅಕ್ಷರಗಳನ್ನು ಎಳೆದುಕೊಂಡು ಬಿಡುತ್ತದೆ. ರಾತ್ರಿ ಮನೆಯಲ್ಲಿ ಕೂತು ನೆಟ್ ಇಲ್ಲದೆಯೂ ಓದಬಹುದು. ಫೀಡ್ ನಿಲ್ಲಿಸಿದರೆ ಪೆಟ್ಟು ಬೀಳುವುದು ಈ ಓದುಗನಿಗೆ. ಕದಿಯುವವನಿಗೆ ಏನೂ ಆಗುವುದಿಲ್ಲ, ಅವನು ತಾಣದ ಪುಟವನ್ನೇ ಬಾಚಿಕೊಂಡು ಹೋಗುತ್ತಾನೆ. ಫೀಡಿನಲ್ಲಿ ಬರೀ ಎರಡು ಸಾಲು ಕೊಟ್ಟು ಉಳಿದದ್ದಕ್ಕೆ ತಾಣಕ್ಕೆ ಬನ್ನಿ ಅನ್ನುವುದೂ ಇದೇ ಜಾತಿಯ ಮದ್ದು.

ಕಳ್ಳತನ ಹೇಗೆ ನಡೆಯುತ್ತದೆ ನೋಡಿ. ಇದನ್ನು ಹೆಚ್ಚಾಗಿ ಮನುಷ್ಯರು ಕೂತು ಮಾಡುವುದಿಲ್ಲ. ಒಂದು ತಂತ್ರಾಂಶ ನೂರಾರು ಫೀಡ್‌ಗಳನ್ನು ಕಾಯುತ್ತಿರುತ್ತದೆ, ಹೊಸದು ಬಂದ ಕೂಡಲೇ ಇಡಿಯಾಗಿ ಎತ್ತಿ ತನ್ನ ತಾಣದಲ್ಲಿ ಸುರಿಯುತ್ತದೆ, ಅದರ ಸುತ್ತ ಜಾಹೀರಾತು ಹಾಕಿಕೊಳ್ಳುತ್ತದೆ. ಏನು ಬಂತು ಅಂತ ಅಲ್ಲಿ ಯಾರೂ ಓದುವುದಿಲ್ಲ. ನಮಗೆ ಬೇಕಾದದ್ದೂ ಇದೇ ಅಲ್ವಾ! ಫೀಡಿನಲ್ಲಿ ಪ್ರತಿ ಲೇಖನದ ಕೆಳಗೆ ನಾವು ಏನು ಬರೆದಿರುತ್ತೇವೋ ಅದನ್ನೂ ಅದು ಹಾಗೇ ಹೊತ್ತುಕೊಂಡು ಹೋಗುತ್ತದೆ. ಬರೆದವರ ಹೆಸರು, ಮೂಲ ಲೇಖನದ ಕೊಂಡಿ, ತಾಣದ ವಿಳಾಸ ಎಲ್ಲವೂ ಅವನ ಪುಟದಲ್ಲೇ ಬಂದು ಕೂರುತ್ತವೆ. ಓದುಗನಿಗೂ ಗೊತ್ತಾಗುತ್ತದೆ, ಹುಡುಕಾಟದ ಯಂತ್ರಗಳಿಗೂ ಮೂಲ ಯಾವುದೆಂದು ಒಂದು ಸುಳಿವು ಸಿಗುತ್ತದೆ.

ಮಾಡುವುದು ಕಷ್ಟವಿಲ್ಲ. ವರ್ಡ್‌ಪ್ರೆಸ್ ಅನ್ನುವ ತಂತ್ರಾಂಶದಿಂದ ಕಟ್ಟಿದ ತಾಣವಾದರೆ ಇದಕ್ಕೆಂದೇ ಪ್ಲಗಿನ್‌ಗಳು, ಅಂದರೆ ಅದಕ್ಕೆ ಸೇರಿಸಿಕೊಳ್ಳುವ ಪುಟ್ಟ ತಂತ್ರಾಂಶಗಳು, ಇವೆ. ಬಹಳ ಜನರ ತಾಣದಲ್ಲಿ ಆಗಲೇ ಇರುವ ಯೋಸ್ಟ್ ಎಸ್‌ಇಒ ಪ್ಲಗಿನ್ ಕೂಡ ಈ ಕೆಲಸ ಮಾಡುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಆರ್‌ಎಸ್‌ಎಸ್ ಅನ್ನುವ ಭಾಗ ಹುಡುಕಿ, ಅಲ್ಲಿ ಎರಡು ಖಾಲಿ ಜಾಗ ಸಿಗುತ್ತವೆ, ಒಂದು ಲೇಖನದ ಮೇಲೆ ಬರುವ ಮಾತಿಗೆ, ಇನ್ನೊಂದು ಕೆಳಗೆ ಬರುವ ಮಾತಿಗೆ. ಬರೆದವರ ಕೊಂಡಿ, ಲೇಖನದ ಕೊಂಡಿ, ತಾಣದ ಕೊಂಡಿ ಇವಕ್ಕೆಲ್ಲ ಗುರುತುಪದಗಳನ್ನು ಅಲ್ಲೇ ಕೊಟ್ಟಿದ್ದಾರೆ. ಅವನ್ನು ಸಾಲಿನಲ್ಲಿ ಸೇರಿಸಿದರೆ ಪ್ರತಿ ಲೇಖನಕ್ಕೂ ಅದರದರ ಕೊಂಡಿ ತಾನಾಗಿಯೇ ಬರುತ್ತದೆ. ಕೆಳಗಿನ ಜಾಗದಲ್ಲಿ ಮೊದಲೇ ಒಂದು ಇಂಗ್ಲಿಷ್ ಸಾಲು ಇರುತ್ತದೆ. ಎಷ್ಟೋ ಕನ್ನಡ ತಾಣಗಳ ಫೀಡಿನಲ್ಲಿ ಆ ಸಾಲು ಇವತ್ತಿಗೂ ಹಾಗೇ ಇದೆ, ಹಾಕಿದವರಿಗೇ ಅದು ಇದೆ ಅಂತ ಗೊತ್ತಿದ್ದಂತಿಲ್ಲ. ಅದನ್ನು ಅಳಿಸಿ ಕನ್ನಡದಲ್ಲಿ ಬರೆಯಿರಿ. ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯುವವರಿಗೆ ಪ್ಲಗಿನ್ ಬೇಕಿಲ್ಲ, ಸೆಟ್ಟಿಂಗ್ಸ್‌ನ ಸೈಟ್ ಫೀಡ್ ಭಾಗದಲ್ಲಿ ಫೀಡ್ ಫೂಟರ್ ಅಂತ ಒಂದು ಜಾಗವಿದೆ. ಕೋಡ್ ಗೊತ್ತಿರುವ ಹುಡುಗರು ವರ್ಡ್‌ಪ್ರೆಸ್ ಥೀಮಿನ (ತಾಣದ ವಿನ್ಯಾಸದ) ಫಂಕ್ಷನ್ಸ್ ಕಡತದಲ್ಲಿ ನಾಲ್ಕು ಸಾಲು ಬರೆದೇ ಮುಗಿಸುತ್ತಾರೆ. ಆದರೆ ಥೀಮ್ ಅಪ್‌ಡೇಟ್ ಆದ ದಿನ ಆ ಸಾಲುಗಳು ಅಳಿಸಿಹೋಗಬಹುದು, ಪ್ಲಗಿನ್‌ಗೆ ಆ ತೊಂದರೆಯಿಲ್ಲ.

ಹಾಕಿದ ಮೇಲೆ ತಾಣದ ಪುಟದಲ್ಲಿ ಹುಡುಕಬೇಡಿ. ಅಲ್ಲಿ ಕಾಣುವುದಿಲ್ಲ. ಇದು ಫೀಡಿಗೆ ಮಾತ್ರ. ವರ್ಡ್‌ಪ್ರೆಸ್ ಆದರೆ ತಾಣದ ವಿಳಾಸದ ಕೊನೆಗೆ ಒಂದು ಓರೆಗೆರೆ (/) ಹಾಕಿ ಫೀಡ್ ಅಂತ ಇಂಗ್ಲಿಷ್‌ನಲ್ಲಿ ಬರೆದು ತೆರೆಯಿರಿ, ಅಥವಾ ನೀವೇ ಒಂದು ಓದುವ ಆ್ಯಪ್‌ನಲ್ಲಿ ನಿಮ್ಮ ತಾಣಕ್ಕೆ ಚಂದಾದಾರರಾಗಿ. ಇದು ಎಲ್ಲ ಬರಹಗಾರರೂ ಮಾಡಬೇಕಾದ ಕೆಲಸ, ತಮ್ಮ ಲೇಖನ ಓದುಗನಿಗೆ ಹೇಗೆ ಕಾಣುತ್ತದೆ ಅಂತ ನೋಡದವರೇ ಜಾಸ್ತಿ.

ಈಗ ಮುಖ್ಯ ವಿಷಯ, ಆ ಸಾಲಿನಲ್ಲಿ ಏನಿರಬೇಕು. ಅಡಿಕೆಯ ಕೊಳೆ ರೋಗದ ಬಗ್ಗೆ ಒಂದು ಲೇಖನ ಇದೆ ಅಂದುಕೊಳ್ಳಿ. ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು ಅಂತ ಪಟ್ಟಿ ಮಾಡಿ ಬರೆದಿರುತ್ತಾರೆ. ನಕಲು ಮಾಡುವ ಕೆಲವು ತಂತ್ರಾಂಶಗಳಿಗೆ ಪಟ್ಟಿ ಗಿಟ್ಟಿ ತಿಳಿಯುವುದಿಲ್ಲ. ಎಲ್ಲ ಒಂದೇ ಸಾಲಾಗಿ ಅಂಟಿಕೊಂಡು, ಯಾವ ಅಂಕಿ ಯಾವುದಕ್ಕೆ ಸೇರಿದ್ದು ಅಂತ ಗೊತ್ತಾಗದ ಹಾಗೆ ಆಗಬಹುದು. ಅಥವಾ ಬರೆದವರು ಆಮೇಲೆ ಯಾವುದೋ ಅಂಕಿ ತಿದ್ದಿರುತ್ತಾರೆ, ನಕಲಿನಲ್ಲಿ ಹಳೆಯದೇ ಉಳಿದಿರುತ್ತದೆ. ಮಳೆ ಬಿಡುವು ಕೊಟ್ಟ ಒಂದು ದಿನ ಅಡಿಕೆ ಮರ ಹತ್ತುವ ಕೊನೆಗೌಡನನ್ನು ಹಿಡಿದು ತಂದು ಔಷಧಿ ಹೊಡೆಸಲು ನಿಂತವನು ಗೂಗಲ್ ಮಾಡಿದಾಗ ಆ ನಕಲು ಪುಟವೇ ಮೊದಲು ಬಂದರೆ? ಹಾಗಾಗಿ ನನ್ನ ಮಟ್ಟಿಗೆ ಕೆಳಗಿನ ಸಾಲು ಬರೀ ಹಕ್ಕುಸ್ವಾಮ್ಯದ ಜಗಳಕ್ಕಾಗಿ ಇರುವುದಲ್ಲ. “ಈ ಲೇಖನ ಬರೆದವರು ಇಂಥವರು. ಮೂಲ ಪುಟ ಇಲ್ಲಿದೆ. ತಿದ್ದುಪಡಿ ಆಗಿದ್ದರೆ ಅಲ್ಲಿ ಸಿಗುತ್ತದೆ” ಅಂತ ಇದ್ದರೆ ಓದಿದವನು ಒಮ್ಮೆ ಅಲ್ಲಿಗೆ ಹೋಗಿ ನೋಡಿಯಾನು.

ತಾಣದ ವಿಳಾಸವನ್ನು ಕೊಂಡಿಯಾಗಿ ಮಾತ್ರ ಕೊಡಬೇಡಿ, ಅಕ್ಷರದಲ್ಲೂ ಬರೆಯಿರಿ. ಕೆಲವು ತಂತ್ರಾಂಶಗಳು ಕೊಂಡಿಗಳನ್ನು ಕಿತ್ತು ಹಾಕಿ ಅಕ್ಷರ ಮಾತ್ರ ಉಳಿಸಿಕೊಳ್ಳುತ್ತವೆ. ಇನ್ನೊಂದು, ಗುರುತುಪದಕ್ಕೆ ‘ನಲ್ಲಿ’, ‘ಇಂದ’ ಅಂತ ಅಂಟಿಸಲು ಹೋದರೆ ತಾಣದ ಹೆಸರಿಗೆ ಹೊಂದದೆ ಸಾಲು ಕೆಡುತ್ತದೆ, “ಮೂಲ ಲೇಖನ:” ಅಂತ ಬರೆದು ಮುಂದೆ ಗುರುತುಪದ ಇಟ್ಟರೆ ಸಾಕು.

ಏನು ಹಾಕಬಾರದು ಅನ್ನುವುದೂ ಇದೆ. ಸಿಕ್ಕಿತು ಜಾಗ ಅಂತ ಯಕ್ಷಗಾನದ ಪ್ರಕಟಣೆ ಹಾಕುವವರನ್ನು ನೋಡಿದ್ದೇನೆ. “ಈ ಶನಿವಾರ ರಾತ್ರಿ ಆಟ ಇದೆ, ಎಲ್ಲರೂ ಬನ್ನಿ.” ಓದುವ ಆ್ಯಪ್ ಒಮ್ಮೆ ತೆಗೆದುಕೊಂಡು ಹೋದ ಲೇಖನವನ್ನು ತನ್ನಲ್ಲೇ ಇಟ್ಟುಕೊಂಡಿರುತ್ತದೆ. ನೀವು ಭಾನುವಾರ ಆ ಸಾಲು ತೆಗೆದರೂ ಅಲ್ಲಿ ಉಳಿದಿರಬಹುದು, ನಕಲು ತಾಣದಲ್ಲಂತೂ ಉಳಿದೇ ಉಳಿಯುತ್ತದೆ. ಮೇಳ ತಿರುಗಾಟ ಮುಗಿಸಿ ಮನೆ ಸೇರಿದ ಮೇಲೂ ಶನಿವಾರ ಆಟ ಇದ್ದೇ ಇರುತ್ತದೆ! ದಿನಾಂಕ ಹಾಕಲೇಬೇಕಾದರೆ ತಿಂಗಳು, ವರ್ಷ ಸೇರಿಸಿ ಹಾಕಿ. ಹಾಗೆಯೇ ಕಳ್ಳರಿಗೆ ಬೈಗುಳ, ಶಾಪ, ಕೇಸು ಹಾಕುವ ಬೆದರಿಕೆ ಬೇಡ. ಕಳ್ಳ ಅದನ್ನು ಓದುವುದಿಲ್ಲ ಅಂತ ಆಗಲೇ ಹೇಳಿದೆ. ದಿನಾ ಓದುವವನು ಪ್ರಾಮಾಣಿಕ ಚಂದಾದಾರ, ಅವನೇನು ತಪ್ಪು ಮಾಡಿದ್ದಾನೆ? ಎರಡು ಸಾಲಿಗಿಂತ ಜಾಸ್ತಿ ಬೇಡ. ಕುಣಿಯುವ ಚಿತ್ರ, ಸ್ಕ್ರಿಪ್ಟ್ ಅದು ಇದು ಹಾಕಿದರೆ ಹೆಚ್ಚಿನ ಆ್ಯಪ್‌ಗಳು ಕಿತ್ತೇ ಬಿಡುತ್ತವೆ.

ಇಷ್ಟಾದರೂ ಕೈಯಾರೆ ಕಾಪಿ ಮಾಡಿ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವವರನ್ನು ಇದು ತಡೆಯುವುದಿಲ್ಲ, ಅವರು ಹೆಸರನ್ನೇ ನೋಡಿ ಅಳಿಸುತ್ತಾರೆ. ಅದಕ್ಕೆ ಬೇರೆ ದಾರಿ ಬೇಕು.

ಕೊನೆಗೆ ನಿಮ್ಮ ಪತ್ರಿಕೆಗೇ ಒಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ತಾಣದ ಫೀಡಿನಲ್ಲಿ ತಲೆಬರಹ ಬರುತ್ತದೆ, ಅದರ ಕೆಳಗೆ ಅರ್ಧ ವಾಕ್ಯ ಬಂದು ಮುರಿದು ನಿಲ್ಲುತ್ತದೆ. ಘಟ್ಟದಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಗಿದೆ ಅನ್ನುವ ಸುದ್ದಿಯಲ್ಲಿ ಯಾವ ರಸ್ತೆ ಅಂತ ತಿಳಿಯಲು ಇಡೀ ಪುಟ ತೆರೆಯಬೇಕು. ಅದು ತೆರೆಯುವಷ್ಟು ನೆಟ್ ಆ ಹೊತ್ತಿಗೆ ನಮ್ಮಲ್ಲಿ ಇರುವುದಿಲ್ಲ. ಎಲ್ಲ ಸುದ್ದಿ ಬೇಡ. ಜಿಲ್ಲೆಯ ಸುದ್ದಿ, ಮಳೆ ಮತ್ತು ರಸ್ತೆಯ ಸುದ್ದಿ, ಅಡಿಕೆ ಧಾರಣೆ ಇಷ್ಟನ್ನಾದರೂ ಫೀಡಿನಲ್ಲಿ ಪೂರ್ತಿ ಕೊಡಿ, ಕೆಳಗೆ ಪತ್ರಿಕೆಯ ಹೆಸರು, ವರದಿಗಾರರ ಹೆಸರು, ಮೂಲ ಪುಟದ ಕೊಂಡಿ ಹಾಕಿ. ಪುಟ ನೋಡುವವರು ಕಡಿಮೆಯಾದರೆ ಜಾಹೀರಾತು ಆದಾಯ ಹೋಗುತ್ತದೆ ಅಂತ ನಿಮ್ಮವರು ಹೇಳಬಹುದು, ಆ ಮಾತಿನಲ್ಲಿ ನ್ಯಾಯವಿದೆ. ಹಾಗಾದರೆ ಆ ಕೆಳಗಿನ ಸಾಲಿನಲ್ಲೇ ಚಂದಾ ಕಟ್ಟುವ ಪುಟದ ಕೊಂಡಿಯನ್ನೂ ಕೊಡಿ. ಮಳೆಗಾಲದ ನಾಲ್ಕು ತಿಂಗಳು ನಡೆಸಿ ನೋಡಿ, ಎಷ್ಟು ಜನ ಆ ಕೊಂಡಿ ಒತ್ತಿ ಬಂದರು ಅಂತ ಲೆಕ್ಕ ನಿಮಗೇ ಸಿಗುತ್ತದೆ.

ಇತಿ,
ಶಿರಸಿಯ ಒಬ್ಬ ಓದುಗ