ಕಾರ್ಟೂನಿನ ಜನರಿಗೂ ಮೈಭಾರ ಇರಲಿ

ಮಾನ್ಯರೇ,

ಕೆಲವು ದಿನಗಳ ಹಿಂದೆ ಇದೇ ಅಂಕಣದಲ್ಲಿ ಓದುಗರೊಬ್ಬರು ಕನ್ನಡದ ಮಕ್ಕಳ ಕಾರ್ಟೂನ್ ಬಗ್ಗೆ ಬರೆದಿದ್ದರು. ಬಟ್ಟೆ ನಮ್ಮದು, ಮಾತು ನಮ್ಮದು, ಆದರೆ ಜನ ಮಾತ್ರ ನೆಲದ ಮೇಲೆ ತೇಲಿದ ಹಾಗೆ ನಡೆಯುತ್ತಾರೆ ಎಂದು ಬೇಸರ ಪಟ್ಟಿದ್ದರು. ನಾನು ಕೋಲಾರದಲ್ಲಿ ಮನೆಯಿಂದಲೇ ಆನಿಮೇಷನ್ ಕೆಲಸ ಮಾಡುವವಳು. ಒಂಬತ್ತು ವರ್ಷದಿಂದ ಇದೇ ನನ್ನ ಜೀವನ. ಅವರು ಹೇಳಿದ್ದು ನಿಜ. ನಾನೂ ಅಂಥ ಕೆಲಸ ಮಾಡಿದ್ದೇನೆ. ಯಾಕೆ ಹಾಗಾಗುತ್ತದೆ ಅಂತ ಹೇಳಬೇಕು ಅನ್ನಿಸಿತು.

ಕಳೆದ ವರ್ಷ ತರಕಾರಿ ಹೊಲದಿಂದ ಪೇಟೆಗೆ ಹೇಗೆ ಹೋಗುತ್ತದೆ ಅಂತ ಮಕ್ಕಳಿಗೆ ತೋರಿಸುವ ಒಂದು ಪಾಠದ ಕೆಲಸ ಬಂತು. ಅದರಲ್ಲಿ ಒಂದು ಶಾಟ್. ಹಮಾಲಿಯೊಬ್ಬರು ಟೊಮೆಟೊ ಬಾಕ್ಸ್ ಎತ್ತಿ ತಲೆ ಮೇಲಿಟ್ಟುಕೊಂಡು ಲಾರಿ ಹತ್ತಿರ ಹೋಗಬೇಕು. ಮೂರು ದಿನ ಕೂತು ಮನಸ್ಸಿಗೆ ಬಂದ ಹಾಗೆ ಮಾಡಿ ಮುಗಿಸಿದೆ. ಕೆಲಸ ಕೊಟ್ಟವರು ಚೆನ್ನಾಗಿದೆ ಅಂದರು. ಸಂಜೆ ಅಪ್ಪ ನೋಡಿದರು. ಅವರು ಇಪ್ಪತ್ತು ವರ್ಷ ಟೊಮೆಟೊ ಬೆಳೆದವರು. ‘ಯಾಕಮ್ಮಾ, ಖಾಲಿ ಬಾಕ್ಸ್ ಎತ್ತುತ್ತಿದ್ದಾನಾ?’ ಅಂದರು.

ಮಾರನೇ ದಿನ ಬೆಳಿಗ್ಗೆ ಫೋನ್ ಹಿಡಿದು ನಮ್ಮ ಎಪಿಎಂಸಿ ಮಾರ್ಕೆಟ್ಟಿಗೆ ಹೋದೆ. ಇಲ್ಲಿ ಒಂದು ಬಾಕ್ಸ್ ಅಂದರೆ 15 ಕೆಜಿ. ಒಬ್ಬ ಅಣ್ಣ ‘ಯಾವ ಚಾನೆಲ್ ಅಮ್ಮಾ?’ ಅಂತ ಕೇಳಿದರು. ಚಾನೆಲ್ ಅಲ್ಲಣ್ಣಾ, ಮಕ್ಕಳಿಗೆ ಬೊಂಬೆ ಸಿನಿಮಾ ಮಾಡಬೇಕು, ನೀವು ಎತ್ತೋದನ್ನ ನೋಡಿ ಕಲೀಬೇಕು ಅಂದೆ. ಒಪ್ಪಿದರು. ಆರು ಸಲ ವಿಡಿಯೊ ಮಾಡಿಕೊಂಡೆ.

ಮನೆಗೆ ಬಂದು ಒಂದೊಂದೇ ಫ್ರೇಮ್, ಅಂದರೆ ವಿಡಿಯೊದ ಒಂದೊಂದೇ ಬಿಡಿ ಚಿತ್ರ, ಸರಿಸಿ ನೋಡಿದೆ. ಅವರು ಮೊದಲು ಕಾಲಿನಿಂದ ಬಾಕ್ಸನ್ನು ತಮ್ಮ ಕಡೆ ಸ್ವಲ್ಪ ಎಳೆದುಕೊಳ್ಳುತ್ತಾರೆ. ಆಮೇಲೆ ಮೊಣಕಾಲು ಮಡಚುತ್ತಾರೆ. ಬಾಕ್ಸ್ ನೆಲ ಬಿಡುವ ಮೊದಲೇ ಹೆಗಲು ಕೆಳಕ್ಕೆ ಜಗ್ಗುತ್ತದೆ. ಬಾಕ್ಸ್ ನೇರ ತಲೆಗೆ ಹೋಗುವುದಿಲ್ಲ. ತೊಡೆ ಮೇಲೆ ಒಂದು ಗಳಿಗೆ ಕೂರುತ್ತದೆ. ಅಲ್ಲಿ ಕೈ ಬದಲಾಗುತ್ತದೆ, ಅಂಚು ಹಿಡಿದಿದ್ದ ಕೈ ಬಾಕ್ಸಿನ ಅಡಿಗೆ ಹೋಗುತ್ತದೆ. ಆಮೇಲೆ ತೊಡೆಯಿಂದಲೇ ಒಂದು ನೂಕು. ಟವೆಲ್ ಸುತ್ತಿದ ಸಿಂಬೆ ಮೇಲೆ ಬಾಕ್ಸ್ ಕೂತಾಗ ಕುತ್ತಿಗೆ ಒಂದು ಸಲ ಕುಗ್ಗಿ ಮತ್ತೆ ಮೇಲೆ ಬರುತ್ತದೆ. ಮೊದಲ ಹೆಜ್ಜೆ ಬೀಳುವುದು ಅದಾದ ಮೇಲೆ. ಇಷ್ಟಕ್ಕೆ ಎರಡೂಕಾಲು ಸೆಕೆಂಡ್ ಬೇಕಾಯಿತು. ನಮ್ಮ ಕೆಲಸದ ಸೆಕೆಂಡಿಗೆ 24 ಫ್ರೇಮ್ ಲೆಕ್ಕದಲ್ಲಿ 54 ಫ್ರೇಮ್. ನಾನು ಮೊದಲು ಕೊಟ್ಟಿದ್ದು 16.

ನಡಿಗೆಯೂ ಅಷ್ಟೇ. ನಾವು ಕಲಿಯುವ ವಾಕ್ ಸೈಕಲ್‌ನಲ್ಲಿ, ಅಂದರೆ ಮತ್ತೆ ಮತ್ತೆ ಬರುವ ನಡಿಗೆಯ ಮಾದರಿಯಲ್ಲಿ, ಪ್ರತಿ ಹೆಜ್ಜೆಗೂ ತಲೆ ಮೇಲೆ ಕೆಳಗೆ ಆಗುತ್ತದೆ. ತಲೆ ಮೇಲೆ ಹೊರೆ ಇದ್ದವರ ತಲೆ ಹಾಗೆ ಕುಣಿಯುವುದಿಲ್ಲ. ಹೆಜ್ಜೆ ಚಿಕ್ಕದಾಗುತ್ತದೆ, ಮೊಣಕಾಲು ಮಡಚಿಕೊಂಡೇ ಇರುತ್ತದೆ, ಅಲುಗಾಟವೆಲ್ಲ ಸೊಂಟಕ್ಕೆ ಹೋಗುತ್ತದೆ. ಬಿಂದಿಗೆ ಹೊತ್ತ ಹೆಂಗಸರನ್ನು ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೂ ಇದು ನನ್ನ ಕೈಗೆ ಬಂದಿರಲಿಲ್ಲ. ಸುಮ್ನೆ ಕಣ್ಣಿಗೆ ಬೀಳುವುದು ಬೇರೆ, ಫ್ರೇಮ್ ಎಣಿಸಿ ನೋಡುವುದು ಬೇರೆ.

ಮೊದಲೇ ಯಾಕೆ ನೋಡಲಿಲ್ಲ ಅಂತ ನೀವು ಕೇಳಬಹುದು. ನಾನು ಕಲಿತ ತರಬೇತಿ ಕೇಂದ್ರದಲ್ಲಿ ಒಂದು ದಿನ ನನ್ನ ಗೆಳತಿ ಕುರ್ಚಿಯಿಂದ ಏಳುವುದನ್ನು ಫೋನಿನಲ್ಲಿ ತೆಗೆದು, ಅದನ್ನು ಪಕ್ಕದಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದೆ. ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ‘ಇದು ಕಾಪಿ, ನಿಜವಾದ ಆನಿಮೇಟರ್‌ಗೆ ಎಲ್ಲಾ ತಲೆಯಿಂದ ಬರಬೇಕು’ ಅಂದರು. ಅಪ್ಪ ಸಾಲ ಮಾಡಿ ಫೀಸ್ ಕಟ್ಟಿದ್ದರು. ಮೇಷ್ಟ್ರು ಹೇಳಿದ್ದು ಸರಿಯೇ ಇರಬೇಕು ಅಂದುಕೊಂಡೆ. ಆಮೇಲೆ ವರ್ಷಗಟ್ಟಲೆ ವಿಡಿಯೊ ಮುಟ್ಟಲೇ ಇಲ್ಲ. ಆ ವರ್ಷಗಳನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಆ ಮಾತು ತಪ್ಪು ಅನ್ನೋದಕ್ಕೆ ಈ ಕಲೆಯ ಚರಿತ್ರೆಯೇ ಸಾಕ್ಷಿ. ಓಡುವ ಕುದುರೆಯ ಕಾಲು ಮುಂದಕ್ಕೂ ಹಿಂದಕ್ಕೂ ಚಾಚಿದ ಹಾಗೆ ಚಿತ್ರ ಬರೆಯುತ್ತಿದ್ದ ಕಾಲವೊಂದಿತ್ತು. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬ ಛಾಯಾಗ್ರಾಹಕ ಸಾಲಾಗಿ ಕ್ಯಾಮೆರಾ ಇಟ್ಟು ಓಟವನ್ನು ಹಿಡಿದರು. ಕುದುರೆಯ ನಾಲ್ಕೂ ಕಾಲು ನೆಲ ಬಿಡುವುದು ಚಾಚಿದಾಗ ಅಲ್ಲ, ಹೊಟ್ಟೆಯ ಕೆಳಗೆ ಮಡಚಿಕೊಂಡಾಗ ಅಂತ ಆಗ ಕಣ್ಣಿಗೆ ಕಂಡಿತು. ಅಮೆರಿಕದ ಆನಿಮೇಟರ್ ಮ್ಯಾಕ್ಸ್ ಫ್ಲೈಶರ್ ತಮ್ಮ ತಮ್ಮನಿಗೇ ಕೋಡಂಗಿ ವೇಷ ಹಾಕಿಸಿ, ಚಿತ್ರೀಕರಿಸಿ, ಅದರ ಮೇಲೆ ಗೆರೆ ಎಳೆದು ಆನಿಮೇಷನ್ ಮಾಡಿದರು. ಹಾಗೆ ಗೆರೆ ಎಳೆಯುವ ಯಂತ್ರದ ಪೇಟೆಂಟಿಗೆ ಅವರು ಅರ್ಜಿ ಹಾಕಿದ್ದು 1915ರಲ್ಲಿ. 1937ರಲ್ಲಿ ಬಂದ ಡಿಸ್ನಿಯ ಸ್ನೋ ವೈಟ್ ಸಿನಿಮಾಕ್ಕೆ ಮಾರ್ಜ್ ಚಾಂಪಿಯನ್ ಎಂಬ ನರ್ತಕಿ ನಡೆದು, ಕುಣಿದು ತೋರಿಸಿದ್ದರು. ಅದನ್ನು ನೋಡಿಕೊಂಡೇ ಕಲಾವಿದರು ಸ್ನೋ ವೈಟ್ ಪಾತ್ರಕ್ಕೆ ಚಲನೆ ಕೊಟ್ಟಿದ್ದು. ಇವರನ್ನು ಯಾರೂ ಕಾಪಿ ಮಾಡಿದರು ಅನ್ನುವುದಿಲ್ಲ, ಅಲ್ವಾ?

ಹಾಗಂತ ವಿಡಿಯೊ ಮೇಲೆ ಕಣ್ಣು ಮುಚ್ಚಿ ಗೆರೆ ಎಳೆದರೆ ಕೆಲಸ ಕೆಡುತ್ತದೆ. ಫ್ರೇಮ್‌ಗೆ ಫ್ರೇಮ್ ಇಳಿಸಿಕೊಂಡರೆ ಪಾತ್ರ ಸಪ್ಪೆಯಾಗುತ್ತದೆ. ವಿಡಿಯೊ ನೋಡಿ ನಾಲ್ಕೈದು ಮುಖ್ಯ ಪೋಸ್ ಆರಿಸಬೇಕು. ಭಾರ ಎಲ್ಲಿ ಕೂತಿದೆ, ಮೊದಲು ಅಲುಗಿದ್ದು ಯಾವುದು, ಎಲ್ಲಿ ತಡೆದು ನಿಂತರು, ಇದನ್ನು ಬರೆದುಕೊಳ್ಳಬೇಕು. ಆಮೇಲೆ ವಿಡಿಯೊ ಮುಚ್ಚಿಟ್ಟು, ಆ ಪೋಸನ್ನು ಸ್ವಲ್ಪ ಜಾಸ್ತಿ ಮಾಡಿ ಕೆಲಸ ಶುರು ಮಾಡಬೇಕು. ಎಷ್ಟು ಜಾಸ್ತಿ ಅನ್ನುವುದಕ್ಕೂ ಲೆಕ್ಕ ಇದೆ. ಹೊಸ ಶಾಟನ್ನು ಮಾರ್ಕೆಟ್ಟಿನ ಆ ಅಣ್ಣನಿಗೆ ತೋರಿಸಿದೆ. ಎತ್ತಿದ್ದು ಅವರಿಗೆ ಇಷ್ಟವಾಯಿತು. ಇಳಿಸಿದ್ದು ಆಗಲಿಲ್ಲ. ಭಾರ ಕಾಣಲಿ ಅಂತ ನಾನು ಬಾಕ್ಸನ್ನು ಧೊಪ್ಪನೆ ಬೀಳಿಸಿದ್ದೆ. ‘ಹಿಂಗಿಳಿಸಿದ್ರೆ ಅಡಿ ಹಣ್ಣೆಲ್ಲ ಒಡೆದೋಗುತ್ತಮ್ಮಾ’ ಅಂದರು. ಆ ಎಂಟು ಫ್ರೇಮ್ ತಿದ್ದಲು ಒಂದು ಇಡೀ ದಿನ ಹಿಡಿಯಿತು.

ಮನೆಯಲ್ಲೂ ಕಲಿಯಲು ಬೇಕಾದಷ್ಟಿದೆ. ನಮ್ಮ ಅಜ್ಜಿ ನೆಲದಿಂದ ಏಳುವುದನ್ನು ಒಂದು ಕಥೆಗಾಗಿ ತೆಗೆದೆ. ಎದ್ದು ನಿಂತ ಮೇಲೆ ‘ಅಮ್ಮಾ’ ಅಂತ ಉಸಿರು ಬಿಡುತ್ತಾರೆ ಅಂತ ನನ್ನ ತಲೆಯಲ್ಲಿತ್ತು. ವಿಡಿಯೊದಲ್ಲಿ ಆ ‘ಅಮ್ಮಾ’ ಏಳುವ ಮೊದಲೇ ಬಂತು. ಅದಕ್ಕೂ ಮುಂಚೆ ಅವರ ಕಣ್ಣು ಕೈ ಊರುವ ಜಾಗ ಹುಡುಕುತ್ತದೆ. ಆಮೇಲೆ ತಲೆ ತಿರುಗುತ್ತದೆ, ಆಮೇಲೆ ಒಂದು ಕೈ ನೆಲಕ್ಕೆ, ಇನ್ನೊಂದು ಮೊಣಕಾಲಿಗೆ. ಒಂದು ಸಲ ಹಿಂದಕ್ಕೆ ವಾಲಿ, ಆ ಓಲಾಟದಲ್ಲೇ ಏಳುತ್ತಾರೆ. ಕೊನೆಗೆ ನೆಟ್ಟಗಾಗುವುದು ಬೆನ್ನು. ಅದೂ ಪೂರ್ತಿ ಆಗುವುದಿಲ್ಲ. ಎಂಬತ್ತು ವರ್ಷದ ಜೀವ ಆ ಐದು ಸೆಕೆಂಡಿನಲ್ಲಿ ಇತ್ತು.

ಕಲಿಯುವ ಹುಡುಗ ಹುಡುಗಿಯರಿಗೆ ಒಂದೆರಡು ಮಾತು. ಫೋನನ್ನು ತೀರಾ ಹತ್ತಿರ ಹಿಡಿಯಬೇಡಿ, ಮುಂದಿರುವ ಕೈ ದೊಡ್ಡದಾಗಿ ಕಾಣುತ್ತದೆ. ಹಿಂದೆ ಸರಿದು ಸ್ವಲ್ಪ ಜೂಮ್ ಮಾಡಿ. ಪಾದ ಪೂರ್ತಿ ಕಾಣಲಿ. ಎದುರಿನಿಂದ ಒಂದು, ಪಕ್ಕದಿಂದ ಒಂದು ತೆಗೆಯಿರಿ. ಸಾಮಾನ್ಯವಾಗಿ ಫೋನ್ ಸೆಕೆಂಡಿಗೆ 30 ಫ್ರೇಮ್ ಹಿಡಿಯುತ್ತದೆ. ಅದನ್ನು ಹಾಗೇ 24ರ ಕೆಲಸಕ್ಕೆ ಫ್ರೇಮ್‌ಗೆ ಫ್ರೇಮ್ ಜೋಡಿಸಿದರೆ ಎಲ್ಲ ನಿಧಾನವಾಗುತ್ತದೆ, ಮೊದಲೇ 24ಕ್ಕೆ ಬದಲಾಯಿಸಿಕೊಳ್ಳಿ. ಆನಿಮೇಷನ್ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ವಿಡಿಯೊವನ್ನು ಅದರಲ್ಲೇ ಪಾತ್ರದ ಹಿಂದೆ ಇಟ್ಟುಕೊಳ್ಳಬಹುದು. ಯಾರನ್ನೇ ತೆಗೆಯಿರಿ, ಕೇಳಿ ತೆಗೆಯಿರಿ. ಆ ವಿಡಿಯೊವನ್ನು ಎಲ್ಲೂ ಹಾಕಬೇಡಿ. ದುಡಿಯುವವರ ಸಮಯ ತೆಗೆದುಕೊಂಡರೆ ಅದಕ್ಕೆ ದುಡ್ಡು ಕೊಡಿ.

ಈಗ ಫೋನ್ ವಿಡಿಯೊದಿಂದ ಚಲನೆಯನ್ನು ತಾನೇ ಎತ್ತಿಕೊಡುವ ಸಾಫ್ಟ್‌ವೇರ್‌ಗಳೂ ಬಂದಿವೆ. ನಾನೂ ಒಂದನ್ನು ಬಳಸಿ ನೋಡಿದೆ. ಪಾದ ಜಾರುತ್ತದೆ, ಭಾರ ಬರುವುದಿಲ್ಲ. ಅದನ್ನು ಸರಿ ಮಾಡಲಿಕ್ಕೂ ಮತ್ತೆ ನೋಡಿ ಕಲಿತ ಕಣ್ಣೇ ಬೇಕು.

ಮಕ್ಕಳ ಪಾಠ, ಹಾಡು, ಕಥೆಗಳಿಗೆ ಆನಿಮೇಷನ್ ಮಾಡಿಸುವವರಲ್ಲಿ ನನ್ನ ವಿನಂತಿ ಇದು. ಕೆಲಸಕ್ಕೆ ಹತ್ತು ದಿನ ಕೊಡುವುದಾದರೆ, ಅದರಲ್ಲಿ ಎರಡು ದಿನ ನೋಡಿ ಬರಲು ಅಂತಲೇ ಇಡಿ. ನಮ್ಮ ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಮುನಿವೆಂಕಟಪ್ಪನವರಿಗೆ ತಮಟೆ ಕಲೆಗಾಗಿ 2023ರಲ್ಲಿ ಪದ್ಮಶ್ರೀ ಬಂತು. ನಾನು ನೋಡಿದ ಒಂದು ಕಾರ್ಟೂನಿನಲ್ಲಿ ತಮಟೆಯನ್ನು ಡ್ರಮ್ ಬಾರಿಸಿದ ಹಾಗೆ ಬಾರಿಸುತ್ತಿದ್ದರು. ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ತೆಳು ಕಡ್ಡಿ, ಬಡಿತದ ಜೊತೆ ಬೀಳುವ ಹೆಜ್ಜೆ, ಒಂದೂ ಅದರಲ್ಲಿ ಇರಲಿಲ್ಲ. ತಮಟೆ ಬಾರಿಸುವವರು ಅಷ್ಟು ಹತ್ತಿರದಲ್ಲೇ ಇದ್ದಾರೆ. ತರಬೇತಿ ಕೊಡುವವರೂ ಮಕ್ಕಳನ್ನು ವಾರಕ್ಕೊಂದು ದಿನ ಬಸ್ ಸ್ಟ್ಯಾಂಡಿಗೋ ಸಂತೆಗೋ ಕಳಿಸಲಿ.

ನನ್ನ ಮುಂದಿನ ಪಾಠ ರೇಷ್ಮೆಯದು. ಸೊಪ್ಪು ಹಾಕುವುದು, ಹುಳು ಗೂಡು ಕಟ್ಟುವ ತಟ್ಟೆಯಾದ ಚಂದ್ರಿಕೆಯಿಂದ ಗೂಡು ಬಿಡಿಸುವುದು, ಇವನ್ನು ಕಣ್ಣಾರೆ ನೋಡದೆ ಮಾಡುವುದಿಲ್ಲ ಅಂತ ತೀರ್ಮಾನಿಸಿದ್ದೇನೆ. ಹುಳುವಿಗೆ ರೋಗ ತಗಲುತ್ತದೆ ಅಂತ ಹುಳು ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಅದು ನನಗೆ ಗೊತ್ತು. ಬಾಗಿಲ ಹೊರಗೆ ನಿಂತೇ ನೋಡುತ್ತೇನೆ. ಶಿಡ್ಲಘಟ್ಟದ ಕಡೆಯ ರೈತರು ಯಾರಾದರೂ ಗೂಡು ಬಿಡಿಸುವ ದಿನ ಅರ್ಧ ದಿನ ಬರಲು ಬಿಡುವುದಾದರೆ, ದಯವಿಟ್ಟು ಪತ್ರಿಕೆಯ ಮೂಲಕ ತಿಳಿಸಬೇಕು.

ಇಂತಿ,
ಒಬ್ಬ ಆನಿಮೇಟರ್, ಕೋಲಾರ